ಕಾಲುಚೀಲದ ಕರಿಚೂರಿ

ಡೋಲಿನಾ ಮಾರಿಸನ್ ಯಾರನ್ನೂ ಒಳಗೆ ಬಾ ಎಂದು ಕರೆಯುತ್ತಿರಲಿಲ್ಲ. ಬಾಗಿಲು ತಟ್ಟಿದರೆ ತೆರೆಯುತ್ತಿದ್ದಳು, ಬಂದವರ ಮುಖವನ್ನೊಮ್ಮೆ ನೋಡುತ್ತಿದ್ದಳು, ಬಾಗಿಲನ್ನು ಹಾಗೇ ಬಿಟ್ಟು ಒಲೆಯ ಕಡೆ ತಿರುಗಿಬಿಡುತ್ತಿದ್ದಳು. ಬರುವವರು ಬರಲಿ, ಹೋಗುವವರು ಹೋಗಲಿ. ಒಳಗೆ ಹೋದವರಿಗೆ ಚಹಾ ಇತ್ತು, ಓಟ್ಸ್ ರೊಟ್ಟಿ ಇತ್ತು, ಕುರಿಮಾಂಸದ ಸಾರು ಕುದಿಯುತ್ತಿದ್ದರೆ ಅದೂ ಇತ್ತು. ಕೈ ಧಾರಾಳ, ಬಾಯಿ ಮಾತ್ರ ಬಿಗಿ. ಹೊಸ ಪಾದ್ರಿಗಳು ಮೊದಲ ಸಲ ಬಂದಾಗ ಟೋಪಿ ಕೈಯಲ್ಲಿ ಹಿಡಿದು ಹೊಸ್ತಿಲಾಚೆ ನಿಂತೇ ನಿಂತರು. ಗಾಳಿಗೆ ಅವರ ಅಂಗಿಯ ತುದಿಗಳು ಪಟಪಟ ಬಡಿಯುತ್ತಿದ್ದವು. ಕೊನೆಗೆ ಒಳಗೆ ಕೂತಿದ್ದ ನಾನೇ ಅವರನ್ನು ಕರೆಯಬೇಕಾಯಿತು.

ಬೇರೆ ಜನರಲ್ಲಾದರೆ ಇದೊಂದು ವಿಷಯವೇ ಅಲ್ಲ. ನಮ್ಮಲ್ಲಿ, ಲೂಯಿಸ್ ದ್ವೀಪದ ಮಂದಿಯಲ್ಲಿ, ಹೊಸ್ತಿಲ ಮೇಲೆ ನಿಂತವನನ್ನು ಕರೆಯದಿರುವುದಕ್ಕಿಂತ ಮುಖಕ್ಕೆ ಉಗಿಯುವುದೇ ವಾಸಿ. ಸ್ಕಾಟ್ಲೆಂಡಿನ ಆ ದ್ವೀಪದಿಂದ ಕುರಿ ಕಾಯಲು ಭೂಮಿಯ ಈ ದಕ್ಷಿಣ ತುದಿಗೆ, ಈ ಬೆಂಕಿನಾಡಿಗೆ ಬಂದವರು ನಾವು. ಹೆಸರಷ್ಟೇ ಬೆಂಕಿಯದು. ಚಳಿಗಾಲದಲ್ಲಿ ಬಕೆಟ್ಟಿನ ನೀರು ಬಾವಿಯಿಂದ ಮನೆಗೆ ಬರುವಷ್ಟರಲ್ಲಿ ಕೆನೆಗಟ್ಟುತ್ತದೆ. ನಾವು ಬರುವಾಗ ಹಾಸಿಗೆ ತಂದೆವು, ಬೈಬಲ್ ತಂದೆವು, ಜಗಳಗಳನ್ನು ತಂದೆವು, ಹೊಸ್ತಿಲ ಪದ್ಧತಿಯನ್ನೂ ತಂದೆವು. ಅದರ ಜೊತೆಗೆ ಕರಿಚೂರಿಗಳೂ ಬಂದವು.

ಕರಿಚೂರಿ ಅಂದರೆ ಅಂಗೈಗಿಂತ ಸ್ವಲ್ಪ ಉದ್ದ, ಅಷ್ಟೇ. ಮದುವೆಗೆ, ಹೊಸ ವರ್ಷಕ್ಕೆ ನಮ್ಮ ಗಂಡಸರು ಅದನ್ನು ಬಲಗಾಲಿನ ಉದ್ದನೆ ಕಾಲುಚೀಲದಲ್ಲಿ ಸಿಕ್ಕಿಸುತ್ತಾರೆ, ಮಡಿಕೆಯ ಮೇಲೆ ಹಿಡಿ ಕಾಣುವ ಹಾಗೆ. ಇಲ್ಲಿನ ಕುದುರೆ ಸವಾರರು ಬೆನ್ನ ಹಿಂದೆ ಮೊಳದುದ್ದದ ಚಾಕು ಸಿಕ್ಕಿಸಿಕೊಂಡು ತಿರುಗುವವರು. ಅವರು ನಮ್ಮದನ್ನು ನೋಡಿ, ಇದರಲ್ಲಿ ಬೆಣ್ಣೆ ಕೊಯ್ಯುತ್ತೀರೋ ಉಗುರು ಕೊಯ್ಯುತ್ತೀರೋ ಎಂದು ಕೇಳುತ್ತಿದ್ದರು. ಅವರಿಗೇನು ಗೊತ್ತು. ದಾರಿಯಲ್ಲಿ ನಡೆಯುವಾಗ ಕರಿಚೂರಿ ಕೋಟಿನೊಳಗೆ, ಕಂಕುಳ ಕೆಳಗೆ ಇರುತ್ತದೆ. ಒಂದು ಮನೆಯ ಮುಂದೆ ನೀವು ಅದನ್ನು ಹೊರತೆಗೆದು ಕಾಲುಚೀಲಕ್ಕೆ ಇಳಿಸಿದಿರಿ ಎಂದರೆ, ನನ್ನಲ್ಲಿ ಬಚ್ಚಿಟ್ಟದ್ದು ಏನೂ ಇಲ್ಲ ಎಂದು ಹೇಳಿದಂತೆ. ಮನೆಯಾಕೆ ಹಿಡಿಯನ್ನು ನೋಡಿ ಒಳಗೆ ಬಾ ಅನ್ನಬೇಕು. ಅನ್ನುವ ತನಕ ಕಾಲಿಡುವ ಹಾಗಿಲ್ಲ. ಜಗಳವಾಡಿ ಹೋದವನು ಹೀಗೆ ಬಂದು ನಿಂತರೆ ರಾಜಿಗೆ ಬಂದಿದ್ದಾನೆ ಎಂದು ಲೆಕ್ಕ.

ನನ್ನ ಕಾಲಕ್ಕೆ ಇದನ್ನೆಲ್ಲ ಮದುವೆಗೆ, ಹೊಸ ವರ್ಷಕ್ಕಷ್ಟೇ ಮಾಡುತ್ತಿದ್ದರು. ಡೋಲಿನಾಳ ಗಂಡ ಫಿನ್ಲೆ ಮಾತ್ರ ನಿತ್ಯ ಮಾಡುತ್ತಿದ್ದ. ಅದೂ ತನ್ನ ಸ್ವಂತ ಮನೆಗೆ. ವಾರಗಟ್ಟಲೆ ಕುರಿಗಳ ಹಿಂದೆ ಅಲೆದು ಬಂದವನು, ಗಡ್ಡದ ತುಂಬ ಧೂಳು, ಮೈತುಂಬ ಕುರಿವಾಸನೆ, ಹೊಸ್ತಿಲಲ್ಲಿ ಮದುಮಗನ ಹಾಗೆ ಕಾಲು ಮುಂದೆ ಚಾಚಿ ನಿಲ್ಲುತ್ತಿದ್ದ. ಅವನ ಚೂರಿಯ ಹಿಡಿಯ ತುದಿಯಲ್ಲಿ ಜೇನಿನ ಬಣ್ಣದ ಒಂದು ಕಲ್ಲಿತ್ತು. ಡೋಲಿನಾ ಹಿಟ್ಟಿನ ಕೈಯಲ್ಲೇ ಬಂದು ಸೊಂಟದ ಮೇಲೆ ಕೈಯಿಟ್ಟು, ಯಾರ ಮನೆ ಮಗನಪ್ಪಾ ನೀನು ಎಂದು ವಿಚಾರಿಸಿ, ಬೇಕೆಂದೇ ತಡಮಾಡಿ, ಆಮೇಲೆ ಕರೆಯುತ್ತಿದ್ದಳು. ನಾನು ಹಳ್ಳದಾಚೆಯ ಮನೆಯವಳು. ಈ ನಾಟಕವನ್ನು ಎಷ್ಟು ಸಲ ನೋಡಿದ್ದೇನೋ. ನನ್ನ ಗಂಡ ಒಂದು ದಿನವೂ ಹಾಗೆ ನಿಲ್ಲಲಿಲ್ಲ ಎಂದು ಹೊಟ್ಟೆಕಿಚ್ಚೂ ಪಟ್ಟಿದ್ದೇನೆ.

ಅವರಿಗೆ ಒಂದು ಗಂಡುಮಗುವಾಯಿತು. ವರ್ಷ ತುಂಬುವ ಮೊದಲೇ ಕೆಮ್ಮಿನಲ್ಲಿ ಹೋಯಿತು. ಮನೆಯ ಹಿಂದಿನ ದಿಬ್ಬದ ಮೇಲೆ ಮಣ್ಣು ಮಾಡಿದೆವು. ಆಮೇಲೆ ಫಿನ್ಲೆಗೆ ಈ ನೆಲ ಸೇರಲಿಲ್ಲ. ದ್ವೀಪಕ್ಕೆ ವಾಪಸು ಹೋಗೋಣ ಎಂದು ದಿನಾ ಹೇಳುತ್ತಿದ್ದ. ಮಗುವನ್ನು ಗಾಳಿಗೆ ಬಿಟ್ಟು ನಾನು ಬರುವುದಿಲ್ಲ ಎಂದು ಇವಳು. ಒಂದು ಚಳಿಗಾಲದ ಬೆಳಿಗ್ಗೆ ಮಾತಿಗೆ ಮಾತು ಬೆಳೆಯಿತು. ಉಣ್ಣೆ ತುಂಬುವ ಹಡಗೊಂದು ಬಂದರಿನಲ್ಲಿ ನಿಂತಿದೆ, ನಾನು ಹತ್ತುತ್ತೇನೆ ಎಂದು ಫಿನ್ಲೆ ಚೀಲ ಹೆಗಲಿಗೇರಿಸಿದ. ನಾನು ಆಗ ಅವರ ಅಡುಗೆಮನೆಯಲ್ಲೇ ಇದ್ದೆ, ಒಂದು ಬಟ್ಟಲು ಸಕ್ಕರೆ ಕೇಳಲು ಹೋದವಳು. ಡೋಲಿನಾ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಹೋಗೋದಿದ್ರೆ ಹೋಗು. ಆದ್ರೆ ತಿರುಗಿ ಬಂದು ಈ ಹೊಸ್ತಿಲ ಮೇಲೆ ನಿಂತ್ಯೋ, ನಾನು ಒಳಗೆ ಬಾ ಅನ್ನೋಳಲ್ಲ. ನಿಂತೇ ಇರು."

ಅವನು ಕಾಲಿಗೆ ಹಿಮದ ಪಟ್ಟಿ ಸುತ್ತಿಕೊಂಡ. ಹಿಮ ಒಳಗಿಳಿಯದಂತೆ ಕಾಲುಚೀಲದ ಮೇಲೆ, ಪಾದದಿಂದ ಮಂಡಿಯವರೆಗೆ ಬಿಗಿಯಾಗಿ ಸುತ್ತುವ ಉಣ್ಣೆಯ ಪಟ್ಟಿ ಅದು. ಎರಡೂ ಕಾಲಿಗೆ ಸುತ್ತಿ, ಚೂರಿಯನ್ನು ಕೋಟಿನೊಳಗೆ ಇಟ್ಟುಕೊಂಡು, ನನಗೆ ತಲೆಬಾಗಿಸಿ ನಡೆದುಬಿಟ್ಟ. ನಾನು ಸಕ್ಕರೆ ತೆಗೆದುಕೊಳ್ಳದೆ ಮನೆಗೆ ಬಂದೆ.

ಮೂರು ದಿನ ಕಳೆದು ಹಿಮ ಶುರುವಾಯಿತು. ಈಗಲೂ ಮುದುಕರು ದೊಡ್ಡ ಹಿಮ ಅನ್ನುವುದು ಅದನ್ನೇ. ಬೇಲಿಗಳು ಮುಳುಗಿದವು, ಕುರಿಗಳು ನಿಂತಲ್ಲೇ ಸತ್ತವು. ದಾರಿ ತೆರೆಯುವ ಹೊತ್ತಿಗೆ ಹಡಗು ಹೊರಟುಹೋಗಿತ್ತು. ಬಂದರಿನಿಂದ ಟಾರ್ಕಿಲ್ ಬಂದ. ಅವನು ಬೇಲಿ ಕಟ್ಟುವವನು, ಫಿನ್ಲೆಯ ಜೊತೆಗೇ ದ್ವೀಪದಿಂದ ಬಂದವನು. ಫಿನ್ಲೆ ಹಡಗಿನ ಏಣಿ ಹತ್ತುವುದನ್ನು ಕಣ್ಣಾರೆ ಕಂಡೆ ಎಂದ. ಬಂದರಿನ ಹೆಂಡದಂಗಡಿಯಲ್ಲಿ ಯಾರೋ ಒಬ್ಬ ಜೇನುಬಣ್ಣದ ಕಲ್ಲಿನ ಚೂರಿಯನ್ನು ದುಡ್ಡಿನ ಬದಲು ಮೇಜಿನ ಮೇಲಿಟ್ಟು ಕುಡಿದನಂತೆ, ಅದನ್ನೂ ಹೇಳಿದ. ಅಲ್ಲಿಗೆ ಮುಗಿಯಿತು. ತನ್ನ ಚೂರಿಯನ್ನೇ ಹೆಂಡಕ್ಕೆ ಮಾರಿದವನು ಹೆಂಡತಿಯನ್ನು ನೆನೆಯುತ್ತಾನೆಯೇ? ಹುಡುಕುವ ಮಾತನ್ನು ಯಾರೂ ಎತ್ತಲಿಲ್ಲ. ಹಡಗಿನಲ್ಲಿರುವವನನ್ನು ಹಿಮದಲ್ಲಿ ಯಾರು ಹುಡುಕುತ್ತಾರೆ.

ಅವನು ಹೋದ ರಾತ್ರಿಯಿಂದಲೇ ಡೋಲಿನಾ ಆ ಚಳಿಗಾಲವೆಲ್ಲ ಅಡುಗೆಮನೆಯ ಕಿಟಕಿಯಲ್ಲಿ ದೀಪ ಇಟ್ಟಳು. ಬೇಸಿಗೆಯಲ್ಲಿ ದೀಪ ಆರಿಸಿದಳು. ಅವಳು ಒಳಗೆ ಬಾ ಅನ್ನುವುದನ್ನು ಬಿಟ್ಟದ್ದು ಆ ಹೊತ್ತಿಗೆ. ಮೊದಮೊದಲು ನನಗೆ ಅರ್ಥವಾಗಲಿಲ್ಲ. ಒಂದು ದಿನ ಉಣ್ಣೆ ಬಿಡಿಸುತ್ತಾ ಕೂತಾಗ ಅವಳೇ ಹೇಳಿದಳು. ಅವನಿಗೆ ಇಲ್ಲ ಅಂದ ಮಾತನ್ನು ಇನ್ಯಾರಿಗೆ ಹೇಗೆ ಕೊಡಲಿ ಎಂದಳು. ತನ್ನ ಮಾತನ್ನು ನಿಜವೆಂದು ನಂಬಿಯೇ ಅವನು ಹೋದ, ಇಲ್ಲದಿದ್ದರೆ ಸಿಟ್ಟು ಇಳಿದ ಮೇಲೆ ಬರುತ್ತಿದ್ದ ಎನ್ನುವುದು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ಊರಿನವರು ಫಿನ್ಲೆಯನ್ನು ಬೈದರೆ ಅವಳಿಗೆ ಆಗುತ್ತಿರಲಿಲ್ಲ. ಅವನದೇನು ತಪ್ಪು, ಬಾಗಿಲು ಹಾಕಿದವಳು ನಾನು ಅನ್ನುತ್ತಿದ್ದಳು.

ಕಾಲು ಶತಮಾನ ಹೀಗೇ ನಡೆಯಿತು. ಅವಳು ವಿಧವೆಯೂ ಅಲ್ಲ, ಮುತ್ತೈದೆಯೂ ಅಲ್ಲ. ಕಪ್ಪು ಉಡುವಂತಿಲ್ಲ, ಬಣ್ಣ ಉಡಲು ಮನಸ್ಸಿಲ್ಲ. ಕಂದು ಲಂಗ ಉಟ್ಟು ಚರ್ಚಿನಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಇಲ್ಲಿ ಕಲಫಾತೆ ಎಂಬ ಮುಳ್ಳುಗಿಡದ ಹಣ್ಣು ತಿಂದವನು ಎಲ್ಲಿಗೆ ಹೋದರೂ ಈ ನಾಡಿಗೆ ತಿರುಗಿ ಬಂದೇ ಬರುತ್ತಾನೆ ಎಂಬ ಮಾತಿದೆ. ಹೆಂಗಸರು ಅದನ್ನೇ ಹಿಡಿದು ಚುಚ್ಚುತ್ತಿದ್ದರು, ಗಂಡನಿಗೆ ಆ ಹಣ್ಣು ತಿನ್ನಿಸಿರಲಿಲ್ಲವೇನೇ ಎಂದು. ಬುಟ್ಟಿಗಟ್ಟಲೆ ತಿಂದಿದ್ದ ಎಂದು ಇವಳು ಅಷ್ಟೇ ಸರಾಗವಾಗಿ ಉತ್ತರಿಸುತ್ತಿದ್ದಳು. ಕುರಿಯ ಉಣ್ಣೆ ಕತ್ತರಿಸುವ ಕಾಲಕ್ಕೆ ಆಳುಗಳಿಗೆ ಅಡುಗೆ ಮಾಡಿ, ಉಳಿದ ಕಾಲಕ್ಕೆ ಕಾಲುಚೀಲ ಹೆಣೆದು ಬದುಕಿದಳು. ಅವಳ ಹೆಣಿಗೆಯ ಹಿಮ್ಮಡಿ ಬೇರೆಯವರ ಹಾಗಲ್ಲ, ಎರಡು ಸಾಲು ಹೆಚ್ಚು ಹಾಕಿ ಒಳಕ್ಕೆ ಮಡಿಸುತ್ತಿದ್ದಳು. ಸವೆಯುವುದೇ ಇಲ್ಲ. ನನ್ನ ಕಾಲಲ್ಲಿ ಈಗಲೂ ಅದೇ ಇದೆ.

ಇನ್ನು ಜೌಗುಮಣ್ಣಿನ ಮಾತು. ಈ ನಾಡಿನಲ್ಲಿ ಕಾಡಿದೆ, ಸೌದೆ ಕಾಲಿಗೆ ತೊಡರುತ್ತದೆ. ಬುದ್ಧಿ ಇದ್ದವರು ಸೌದೆ ಉರಿಸುತ್ತಾರೆ. ಮರವೇ ಇಲ್ಲದ ದ್ವೀಪದಿಂದ ಬಂದ ನಮಗೆ ಜೌಗುಮಣ್ಣಿನ ಹೊಗೆ ತಾಗದ ಚಹಾ ಚಹಾವೇ ಅಲ್ಲ. ಹಾಗಾಗಿ ಪ್ರತಿ ಬೇಸಿಗೆ ಜೌಗಿನ ಕರಿಮಣ್ಣನ್ನು ಇಟ್ಟಿಗೆಯ ಹಾಗೆ ಕೊಯ್ದು, ಒಣಗಿಸಿ, ಒಲೆಗೆ ಹಾಕುತ್ತೇವೆ. ನೆರೆಯವರು ನಗುತ್ತಾರೆ, ನಗಲಿ. ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಮೇಲೆ ನಿಂತು ಉದ್ದನೆಯ ಸಲಿಕೆಯಲ್ಲಿ ಕೊಯ್ಯಬೇಕು, ಇನ್ನೊಬ್ಬರು ಕೆಳಗೆ ನಿಂತು ಹೆಂಟೆಯನ್ನು ಹಿಡಿದು ಹುಲ್ಲಿನ ಮೇಲೆ ಎಸೆಯಬೇಕು. ಡೋಲಿನಾ ಕೊಯ್ಯುತ್ತಿದ್ದಳು, ನಾನು ಎಸೆಯುತ್ತಿದ್ದೆ. ಗಂಡಂದಿರಿಗಿಂತ ಹೆಚ್ಚು ವರ್ಷ ನಾವಿಬ್ಬರೂ ಜೋಡಿಯಾಗಿದ್ದೆವು.

ಫಿನ್ಲೆ ಹೋಗಿ ಕಾಲು ಶತಮಾನವಾದ ಒಂದು ಬೇಸಿಗೆಯಲ್ಲಿ ಅವಳ ಮಂಡಿ ಕೈಕೊಟ್ಟಿತ್ತು. ದೂರದ ಜೌಗಿಗೆ ಹೋಗಲಾರೆ, ಮನೆಯ ಮುಂದಿನ ಹಳೇ ಹೊಂಡದಲ್ಲೇ ಕೊಯ್ಯೋಣ ಎಂದಳು. ಫಿನ್ಲೆ ಮದುವೆಯಾದ ಹೊಸತರಲ್ಲಿ ಕೊಯ್ದು ಬಿಟ್ಟ ಹೊಂಡ ಅದು. ನೀರು ತುಂಬಿ, ಅದರ ಮೇಲೆ ಪಾಚಿ ಬೆಳೆದು, ಹಸಿರು ಹಾಸಿಗೆಯ ಹಾಗೆ ಕಾಣುತ್ತಿತ್ತು. ಕುರಿಗಳೂ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ನನಗೆ ಮನಸ್ಸಿರಲಿಲ್ಲ. ಹಟಮಾರಿ, ಕೇಳಬೇಕಲ್ಲ. ಹಳ್ಳಕ್ಕೆ ಕಾಲುವೆ ತೋಡಿ ನೀರನ್ನು ಹೊರಬಿಟ್ಟೆವು. ನೀರು ಇಳಿಯಲು ಕೆಲವು ದಿನ ಬಿಟ್ಟು ಸಲಿಕೆ ಹಿಡಿದು ಹೋದೆವು.

ಗಾಳಿಯಿಲ್ಲದ ದಿನ. ಇಲ್ಲಿ ಅದೇ ಒಂದು ಸೋಜಿಗ. ನಾನು ಕೆಳಗಿಳಿದು ಪಾಚಿಯನ್ನು ಎಳೆದು ಹಾಕುತ್ತಿದ್ದೆ. ಕೈಗೆ ಉಣ್ಣೆ ಸಿಕ್ಕಿತು. ಸತ್ತ ಕುರಿಯೇ ಇರಬೇಕು ಅಂದುಕೊಂಡೆ. ಜೌಗು ಯಾವುದನ್ನೂ ಬೇಗ ಕೊಳೆಯಲು ಬಿಡುವುದಿಲ್ಲ, ಬಿದ್ದ ಕುರಿ ಎಷ್ಟೋ ವರ್ಷದ ಮೇಲೆ ಉಣ್ಣೆಯ ಸಮೇತ ಸಿಗುತ್ತದೆ. ಎಳೆದರೆ ಬರಲಿಲ್ಲ. ಕೆಸರು ಒರೆಸಿದೆ. ಹೆಣೆದ ಉಣ್ಣೆ. ಅದರ ಕೆಳಗೆ ಬೂಟು. ಮೇಲೆ, ಮಂಡಿಯ ಹತ್ತಿರ, ಕಾಲುಚೀಲದ ಮಡಿಕೆಯಿಂದ ಒಂದು ಕರಿ ಹಿಡಿ ಹೊರಗೆ ಇಣುಕಿತ್ತು. ಹೆಬ್ಬೆರಳಿನಿಂದ ಉಜ್ಜಿದೆ. ಜೇನಿನ ಬಣ್ಣದ ಕಲ್ಲು ಬಿಸಿಲಿಗೆ ಕಣ್ಣು ಬಿಟ್ಟಿತು.

ಮೇಲೆ ನಿಂತಿದ್ದವಳಿಗೆ ಏನು ಹೇಳಲಿ? ಹೇಳಬೇಕಾಗಲಿಲ್ಲ. ಡೋಲಿನಾ ಸಲಿಕೆ ಬಿಟ್ಟು, ಆ ಮಂಡಿಯನ್ನು ಹೇಗೆ ಮಡಿಸಿದಳೋ, ಹೊಂಡಕ್ಕೆ ಇಳಿದೇ ಬಿಟ್ಟಳು. ಅವಳು ಚೂರಿಯನ್ನು ಮುಟ್ಟಲಿಲ್ಲ. ಕಾಲುಚೀಲದ ಹಿಮ್ಮಡಿಯನ್ನು ಬೂಟಿನ ಸಂದಿನಿಂದ ಬೆರಳು ತೂರಿಸಿ ತಡವಿದಳು. ಎರಡು ಸಾಲು ಹೆಚ್ಚು, ಒಳಕ್ಕೆ ಮಡಿಸಿದ್ದು. ಆಮೇಲೆ ಕೆಸರಿನಲ್ಲೇ ಕೂತುಬಿಟ್ಟಳು. ಅಳಲಿಲ್ಲ. ನಾನು ಅತ್ತೆ, ಇಬ್ಬರ ಪಾಲಿನದನ್ನೂ ಸೇರಿಸಿ ಅತ್ತೆ.

ನಾನು ಓಡಿಹೋಗಿ ಗಂಡಸರನ್ನು ಕರೆತಂದೆ. ಪಾದ್ರಿಗಳು ಬಂದರು, ಟಾರ್ಕಿಲ್ ಬಂದ. ಅವನಿಗೂ ಆಗ ವಯಸ್ಸಾಗಿತ್ತು, ಬೇಲಿತಂತಿ ಎಳೆದೆಳೆದು ಬೆರಳುಗಳು ಸೊಟ್ಟಗಾಗಿದ್ದವು. ನಿಧಾನವಾಗಿ, ಮಗುವನ್ನು ತೊಟ್ಟಿಲಿನಿಂದ ಎತ್ತುವ ಹಾಗೆ, ಅವನನ್ನು ಬಿಡಿಸಿ ಒಂದು ಹಲಗೆಯ ಮೇಲೆ ಮಲಗಿಸಿದರು. ಮುಖಕ್ಕೆ ಕಂಬಳಿ ಹೊದಿಸಿದರು. ಆ ಮುಖದ ಬಗ್ಗೆ ನಾನು ಹೇಳುವುದಿಲ್ಲ. ಹಣೆ ಫಿನ್ಲೆಯದೇ.

ಟಾರ್ಕಿಲ್ ಟೋಪಿ ತೆಗೆದು ಡೋಲಿನಾಳ ಮುಂದೆ ನಿಂತ. ನಾನು ಏಣಿಯ ಮೇಲೆ ನೋಡಿದ್ದು ಇನ್ನು ಯಾರನ್ನೋ, ಹೆಂಡದಂಗಡಿಯ ಆ ಚೂರಿ ಇನ್ನು ಯಾರದ್ದೋ, ನನ್ನ ಮಾತಿನಿಂದ ನಿನ್ನ ಬಾಳು ಹೋಯಿತು ಎಂದ. ಅವಳು ಅವನ ಕಡೆ ನೋಡಲೇ ಇಲ್ಲ. ಅವಳ ಕಣ್ಣು ಹಲಗೆಯ ಮೇಲಿದ್ದ ಕಾಲುಗಳ ಮೇಲಿತ್ತು. ಎಡಗಾಲಿನಲ್ಲಿ ಹಿಮದ ಪಟ್ಟಿ ಸುತ್ತಿದಂತೆಯೇ ಇತ್ತು, ಪಾದದಿಂದ ಮಂಡಿಯವರೆಗೆ. ಬಲಗಾಲಿನಲ್ಲಿ ಪಟ್ಟಿಯೇ ಇರಲಿಲ್ಲ.

ಜೌಗಿನಲ್ಲಿ ಕಳಚಿಹೋಗಿರಬೇಕು ಎಂದರು ಪಾದ್ರಿಗಳು.

ಡೋಲಿನಾ ಬಗ್ಗಿ ಅವನ ಕೋಟಿನ ಜೇಬಿಗೆ ಕೈಹಾಕಿದಳು. ಹೊರಬಂದ ಕೈಯಲ್ಲಿ ಒಂದು ಉಣ್ಣೆಯ ಸುರುಳಿ ಇತ್ತು. ಬಲಗಾಲಿನ ಪಟ್ಟಿ. ಅಚ್ಚುಕಟ್ಟಾಗಿ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿದ್ದು. ಮನೆ ಸೇರಿ ಒಲೆಯ ಮೇಲಿನ ಮೊಳೆಗೆ ತೂಗುಹಾಕುವ ಮುನ್ನ ಗಂಡಸರು ಸುತ್ತುವ ಹಾಗೆ.

ನಾವೆಲ್ಲ ಆ ದ್ವೀಪದವರೇ, ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಹೇಳುತ್ತೇನೆ, ಓದುವ ನಿಮಗಾಗಿ. ಬಂದರಿನ ದಾರಿಯನ್ನೆಲ್ಲ ಅವನು ಎರಡೂ ಕಾಲಿಗೆ ಪಟ್ಟಿ ಸುತ್ತಿಕೊಂಡೇ ನಡೆದಿದ್ದ. ಚೂರಿ ಕೋಟಿನೊಳಗೆ ಇತ್ತು. ಹಡಗನ್ನು ಬಿಟ್ಟು ಹಿಂತಿರುಗಿದ್ದ. ಇಲ್ಲಿ ಚಳಿಗಾಲದ ಸಂಜೆ ಮಧ್ಯಾಹ್ನವೇ ಬರುತ್ತದೆ. ಆ ಮಬ್ಬಿನಲ್ಲಿ, ಹಿಮ ಮುಖಕ್ಕೆ ರಾಚುತ್ತಿರುವಾಗ, ಅವನಿಗೆ ಕಿಟಕಿಯ ದೀಪ ಕಂಡಿತು. ದೀಪ ಕಂಡ ಮೇಲೆ ಅವನು ನಿಂತ. ಮರಗಟ್ಟಿದ ಬೆರಳುಗಳಲ್ಲಿ ಬಲಗಾಲಿನ ಪಟ್ಟಿ ಬಿಚ್ಚಿದ. ಸುರುಳಿ ಸುತ್ತಿ ಜೇಬಿಗೆ ಹಾಕಿದ. ಚೂರಿಯನ್ನು ಕೋಟಿನಿಂದ ತೆಗೆದು ಕಾಲುಚೀಲಕ್ಕೆ ಇಳಿಸಿದ, ಹಿಡಿ ಕಾಣುವ ಹಾಗೆ ಮಡಿಕೆ ಸರಿಮಾಡಿದ. ಮದುಮಗನ ಹಾಗೆ ಸಜ್ಜಾಗಿ, ದೀಪದ ಕಡೆಗೆ ನೇರ ನಡೆದ. ತಾನೇ ಕೊಯ್ದ ಹೊಂಡ ಹಿಮದ ಕೆಳಗೆ ನೆಲದ ಸಮಕ್ಕೆ ಮಲಗಿತ್ತು. ಅಲ್ಲಿಂದ ಹೊಸ್ತಿಲು, ಕೂಗಿದರೆ ಕೇಳುವಷ್ಟು ಹತ್ತಿರ. ಕೂಗಿರಬಹುದು. ಈ ನಾಡಿನ ಗಾಳಿಯಲ್ಲಿ ಕೂಗು ಯಾರಿಗೆ ಕೇಳಿಸುತ್ತದೆ.

ನಾನು ಅಷ್ಟೇನೂ ದೈವಭಕ್ತೆಯಲ್ಲ, ಚರ್ಚಿನಲ್ಲಿ ತೂಕಡಿಸುವವಳು. ಆ ಹಲಗೆಯ ಮುಂದೆ ಮಾತ್ರ ನನಗೆ ದೇವರ ಎದುರು ನಿಂತಂತೆ ಆಯಿತು. ಒಳಗೆ ಬಾ ಅನ್ನೋಳಲ್ಲ ಎಂದವಳ ಬಾಗಿಲಿಗೆ ಒಬ್ಬ ಮನುಷ್ಯ ಆ ಹಿಮದಲ್ಲಿ ಚೂರಿಯನ್ನು ಕಾಲುಚೀಲಕ್ಕೆ ಇಳಿಸಿಕೊಂಡು ಬಂದಿದ್ದ. ಅವಳು ಕರೆಯುತ್ತಾಳೆ ಎಂಬ ನಂಬಿಕೆ ಅವನಿಗೆ ಇತ್ತು. ಅವಳಿಗೇ ಇರಲಿಲ್ಲ. ಆ ಚೂರಿಯ ಹಿಡಿಯ ಕಥೆಯನ್ನು ಫಿನ್ಲೆ ನಮಗೆ ಎಷ್ಟೋ ಸಲ ಹೇಳಿದ್ದ. ಅವನ ಅಜ್ಜ ದ್ವೀಪದ ಜೌಗಿನಲ್ಲಿ ಸಾವಿರಾರು ವರ್ಷ ಹೂತುಹೋಗಿದ್ದ ಮರದ ತುಂಡನ್ನು ಅಗೆದು ತೆಗೆದು ಕೆತ್ತಿದ್ದಂತೆ. ಅಲಗು ತುಕ್ಕಾಗಿತ್ತು, ಕಲ್ಲಿನ ಸುತ್ತಲ ಬೆಳ್ಳಿ ಕಪ್ಪಾಗಿತ್ತು. ಹಿಡಿಗೆ ಮಾತ್ರ ಏನೂ ಆಗಿರಲಿಲ್ಲ, ತವರಿಗೆ ಹೋಗಿ ಬಂದ ಹಾಗೆ ಮಿರಮಿರ ಮಿನುಗುತ್ತಿತ್ತು.

ಪಾದ್ರಿಗಳು ಗಂಟಲು ಸರಿಮಾಡಿಕೊಂಡು, ನೇರ ಚರ್ಚಿಗೆ ಒಯ್ಯೋಣ, ಇಷ್ಟು ಕಾಲದ ಮೇಲೆ ಮನೆಯೊಳಗೆ ಬೇಡ ಎಂದರು. ತಪ್ಪು ಮಾತೇನಲ್ಲ. ಡೋಲಿನಾ ಕೆಸರಿನ ಲಂಗದಲ್ಲೇ ಮನೆಯ ಕಡೆ ನಡೆದಳು. ಒಳಗೆ ಹೋಗಿ ಬಾಗಿಲನ್ನು ಪೂರ್ತಿ ತೆರೆದು ಹೊಸ್ತಿಲ ಒಳಬದಿಯಲ್ಲಿ ನಿಂತಳು. ಟಾರ್ಕಿಲ್ ಪಾದ್ರಿಗಳ ಮುಖ ನೋಡಲಿಲ್ಲ. ಹಲಗೆಯ ಮುಂದಿನ ತುದಿ ಹಿಡಿದ. ಉಳಿದವರು ಹಿಂದೆ ಹಿಡಿದರು. ಮನೆಯ ಮುಂದೆ ತಂದು, ಹೊಸ್ತಿಲಿಗೆ ತಾಗದ ಹಾಗೆ, ಕಾಲು ಮುಂದಾಗಿ ಹಿಡಿದು ನಿಂತರು. ಬಲಗಾಲಿನ ಮಡಿಕೆಯ ಮೇಲೆ ಜೇನುಬಣ್ಣದ ಕಲ್ಲು ಅವಳ ಕಡೆ ತಿರುಗಿತ್ತು.

ಡೋಲಿನಾ ಸೊಂಟದ ಮೇಲೆ ಕೈಯಿಟ್ಟಳು. ಹಳೆಯ ಅಭ್ಯಾಸ. ಬಾಯಿ ತೆರೆದಳು, ಧ್ವನಿ ಬರಲಿಲ್ಲ. ಗಂಡಸರ ತೋಳುಗಳು ನಡುಗತೊಡಗಿದವು, ಹಲಗೆ ಭಾರವಿತ್ತು. ಯಾರೂ ಕೆಳಗಿಡಲಿಲ್ಲ. ನನಗೆ ನಾಲಿಗೆ ತುರಿಸುತ್ತಿತ್ತು, ಪಾದ್ರಿಗಳನ್ನು ಕರೆದ ಹಾಗೆ ನಾನೇ ಕರೆದುಬಿಡಲೇ ಅನ್ನಿಸಿತು. ಕಚ್ಚಿ ಹಿಡಿದೆ. ಆ ಮಾತು ನನ್ನದಲ್ಲ.

"ಎಷ್ಟು ಹೊತ್ತು ಮಾಡ್ಬಿಟ್ಯೋ," ಎಂದಳು ಕೊನೆಗೆ, ಮೆಲ್ಲಗೆ, ಗಂಡನಿಗೆ ಮಾತ್ರ ಕೇಳುವ ಹಾಗೆ. "ಒಳಗೆ ಬಾ ಫಿನ್ಲೆ. ಒಳಗೆ ಬಾ."

ಅವನನ್ನು ಒಳಗೆ ತಂದು ಒಲೆಯ ಪಕ್ಕ ಇಳಿಸಿದರು. ಅವಳು ಜೇಬಿನ ಸುರುಳಿಯನ್ನು ಬಿಚ್ಚಿ, ಹಿಂಡಿ, ಒಲೆಯ ಮೇಲಿನ ಮೊಳೆಗೆ ತೂಗುಹಾಕಿದಳು. ಮಾರನೆಯ ದಿನ ದಿಬ್ಬದ ಮೇಲೆ ಮಗುವಿನ ಪಕ್ಕ ಮಣ್ಣು ಮಾಡಿದೆವು. ಡೋಲಿನಾ ಕಪ್ಪು ಉಟ್ಟಿದ್ದಳು. ಚೂರಿಯನ್ನು ಅವನ ಕಾಲುಚೀಲದಲ್ಲೇ ಬಿಟ್ಟಳು. ಅಲ್ಲೂ ಒಂದು ಹೊಸ್ತಿಲು ಇರುತ್ತದೆ, ಬೇಕಾಗುತ್ತದೆ ಎಂದಳು.

ಮಣ್ಣು ಮುಗಿದ ಮೇಲೆ ಎಲ್ಲರೂ ಅವಳ ಮನೆಯ ಮುಂದೆ ಸೇರಿದರು. ಟಾರ್ಕಿಲ್ ಎಲ್ಲರಿಗಿಂತ ಹಿಂದೆ, ಬೇಲಿಯ ಹತ್ತಿರ ನಿಂತಿದ್ದ. ಡೋಲಿನಾ ಬಾಗಿಲಲ್ಲಿ ನಿಂತು ಮೊದಲು ಅವನನ್ನೇ ಹೆಸರು ಹಿಡಿದು ಕರೆದಳು. ಆಮೇಲೆ ಪಾದ್ರಿಗಳನ್ನು, ಆಮೇಲೆ ಒಬ್ಬೊಬ್ಬರನ್ನೇ. ಕಾಲು ಶತಮಾನ ನಾನು ಆ ಮನೆಗೆ ಕರೆಯದೆಯೇ ನುಗ್ಗಿದವಳು, ನನ್ನ ಸ್ವಂತ ಅಡುಗೆಮನೆಗಿಂತ ಹೆಚ್ಚು ಅಲ್ಲಿ ಕೂತವಳು. ಆ ದಿನ ನಾನೂ ಹೊಸ್ತಿಲಾಚೆ ನಿಂತೆ, ನನ್ನ ಸರದಿ ಬರುವ ತನಕ.

"ಮರ್ಡಿನಾ," ಎಂದಳು. "ನೀನ್ಯಾಕೆ ನಿಂತ್ಕೊಂಡೆ? ಒಳಗೆ ಬಾರೇ."